ದುಡಿಯುವ ಕೈಗೆ ವಿಮೆ ಇದೆ, ದುಡಿಯುವ ಮನಸ್ಸಿಗೆ?

ಕಳವಾ-ಥಾಣೆ ಪರಿಸರದ ಕನ್ನಡಿಗ ಉದ್ಯಮಿಗಳು, ನೌಕರರು ಹಾಗೂ ಸಂಘಗಳು ಒಟ್ಟಾಗಿ ಯೋಚಿಸಬೇಕಾದ ವಿಷಯ

ಉದ್ಯೋಗವನ್ನರಸಿ ಊರು ಬಿಟ್ಟು ಬಂದ ಕನ್ನಡಿಗರು ಕಳವಾ, ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿ ಪರಿಸರದಲ್ಲಿ ನೆಲೆನಿಂತು ಎರಡು-ಮೂರು ತಲೆಮಾರು ಕಳೆದಿದೆ. ಹೊಟೇಲು, ಬ್ಯಾಂಕು, ಕಾರ್ಖಾನೆ, ಶಾಲೆ, ಈಚಿನ ವರ್ಷಗಳಲ್ಲಿ ಐರೋಲಿಯ ಐಟಿ ಕಂಪೆನಿಗಳು ಹೀಗೆ ಎಲ್ಲ ಕಡೆಯೂ ನಮ್ಮವರು ಇದ್ದಾರೆ. ನಮ್ಮ ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣಾ ಶಿಬಿರ ನಡೆಸುತ್ತವೆ. ರಕ್ತದೊತ್ತಡ, ಸಕ್ಕರೆ, ಕಣ್ಣು, ಹಲ್ಲು ಎಲ್ಲದಕ್ಕೂ ಒಂದೊಂದು ಮೇಜು ಇರುತ್ತದೆ. ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಬಾರದವನು, ಕೆಲಸಕ್ಕೆ ಹೊರಡುವ ಹೊತ್ತಿಗೆ ಎದೆ ಡವಡವ ಎನ್ನುವವಳು ಕುಳಿತು ಮಾತನಾಡುವ ಮೇಜು ಮಾತ್ರ ಅಪರೂಪ.

ಅದಕ್ಕೆ ಕಾರಣ ದುಡ್ಡಿನ ಕೊರತೆಯಲ್ಲ, ನಾಚಿಕೆ. ಉತ್ತರ ಕರ್ನಾಟಕದ ಕಡೆ ಯಾರಾದರೂ ವಿಚಿತ್ರವಾಗಿ ಮಾತನಾಡಿದರೆ "ಧಾರವಾಡಕ್ಕೆ ಕಳಿಸಬೇಕು" ಎನ್ನುತ್ತಾರೆ. ಬೆಂಗಳೂರಿನವರು ನಿಮ್ಹಾನ್ಸ್ ಹೆಸರು ಹೇಳುತ್ತಾರೆ. ಮುಂಬಯಿಯಲ್ಲಿ ಅದೇ ತಮಾಷೆಗೆ ಥಾಣೆಯ ಹೆಸರು, ಏಕೆಂದರೆ 1901ರಲ್ಲಿ ಆರಂಭವಾದ ಪ್ರಾದೇಶಿಕ ಮನೋರೋಗ ಆಸ್ಪತ್ರೆ ಇರುವುದು ಥಾಣೆಯಲ್ಲಿ. ಮೂರು ಊರು, ಮೂರು ಆಸ್ಪತ್ರೆ, ತಮಾಷೆ ಒಂದೇ. ಈ ತಮಾಷೆ ಕೇಳಿ ಬೆಳೆದವನು ತನಗೆ ತೊಂದರೆಯಾದಾಗ ಬಾಯಿ ಬಿಡುವುದಿಲ್ಲ. ಅದರಲ್ಲೂ ಧನಿಗಳ ಎದುರು, ಮ್ಯಾನೇಜರರ ಎದುರು ಬಿಡುವುದೇ ಇಲ್ಲ. ಹೇಳಿದರೆ ಕೆಲಸ ಹೋದೀತು ಎಂಬ ಹೆದರಿಕೆ ಅವನಿಗೆ. ಆ ಹೆದರಿಕೆ ಸುಳ್ಳೆಂದು ತೋರಿಸುವ ಒಂದು ಲಿಖಿತ ನಿಯಮ ನಮ್ಮಲ್ಲಿನ ಹೆಚ್ಚಿನ ಸಣ್ಣ ಉದ್ಯಮಗಳಲ್ಲಿ ಇಲ್ಲ.

ಕೆಲಸಕ್ಕೆ ಮುಂಚಿನ ಕೆಲಸ

ಕಳವಾದಲ್ಲಿ ವಾಸಿಸುವ ನೌಕರನಿಗೆ ದಿನದ ದಣಿವು ಕಚೇರಿಯಲ್ಲಿ ಶುರುವಾಗುವುದಿಲ್ಲ, ಪ್ಲಾಟ್‌ಫಾರ್ಮಿನಲ್ಲೇ ಶುರುವಾಗುತ್ತದೆ. ಫಾಸ್ಟ್ ಲೋಕಲ್ ಇಲ್ಲಿ ನಿಲ್ಲುವುದಿಲ್ಲ. ಕಲ್ಯಾಣ್, ಡೊಂಬಿವಲಿಯಿಂದ ತುಂಬಿ ಬರುವ ಸ್ಲೋ ಲೋಕಲ್‌ಗೆ ಹತ್ತುವುದೇ ಒಂದು ಸಾಹಸ. ಸಿಎಸ್‌ಎಂಟಿವರೆಗೆ ಹೋಗುವವನಿಗೆ ಹೋಗುವಾಗ ಒಂದು ಗಂಟೆಗೂ ಮಿಕ್ಕಿ, ಬರುವಾಗ ಮತ್ತೆ ಅಷ್ಟೇ. 2025ರ ಜೂನ್ 9ರಂದು ಪಕ್ಕದ ಮುಂಬ್ರಾ ಬಳಿ ಎರಡು ಲೋಕಲ್‌ಗಳು ಎದುರುಬದುರಾಗಿ ಹಾದುಹೋಗುವಾಗ ಬಾಗಿಲಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಹಳಿಗೆ ಬಿದ್ದರು, ಹಲವರು ಪ್ರಾಣ ಕಳೆದುಕೊಂಡರು. ಗಾಯಾಳುಗಳನ್ನು ತಂದದ್ದು ನಮ್ಮ ಕಳವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಗೆ. ಮರುದಿನ ಬೆಳಿಗ್ಗೆ ಅದೇ ಲೋಕಲ್, ಅದೇ ಬಾಗಿಲು, ಅದೇ ಜನ.

ಹೊಟೇಲಿನ ಹುಡುಗರಿಗೆ ರೈಲಿನ ಗೋಳಿಲ್ಲ, ಅವರಿಗೆ ಬೇರೆ ಗೋಳು. ದುಡಿಯುವುದು, ಉಣ್ಣುವುದು, ಮಲಗುವುದು ಎಲ್ಲವೂ ಒಂದೇ ಕಡೆ ಅಥವಾ ಹತ್ತಿರದ ಒಂದು ಕೋಣೆಯಲ್ಲಿ. ಬೆಳಗಿನ ಚಹಾದಿಂದ ರಾತ್ರಿ ಶಟರ್ ಎಳೆಯುವವರೆಗೆ ಕೆಲಸ, ಮಧ್ಯಾಹ್ನ ಒಂದಿಷ್ಟು ಬಿಡುವು. ಹಿಂದೆ ಉಡುಪಿ, ಕುಂದಾಪುರ ಕಡೆಯಿಂದ ಬಂದ ಹುಡುಗರೇ ಹೆಚ್ಚಾಗಿದ್ದ ಕಾಲದಲ್ಲಿ ಸಂಜೆ ರಾತ್ರಿಶಾಲೆ ಇತ್ತು, ಊರಿನ ಭಾಷೆಯ ಸಹವಾಸ ಇತ್ತು. ಇಂದು ಒಂದೇ ಅಡುಗೆಮನೆಯಲ್ಲಿ ಕುಂದಾಪುರದ ಭಟ್ಟರು, ಒಡಿಶಾದ ಸಪ್ಲಾಯರ್, ನೇಪಾಳದ ಕಾವಲುಗಾರ. ಯಾರ ಮನಸ್ಸಿನ ಮಾತು ಯಾರಿಗೆ ತಿಳಿಯಬೇಕು? ಕೊನೆಗೆ ಅನೇಕರಿಗೆ ನಿದ್ದೆಯ ಔಷಧವೆಂದರೆ ಮದ್ಯದ ಬಾಟಲಿ ಎಂಬಂತಾಗುತ್ತದೆ.

ಬ್ಯಾಂಕಿನವರ ಕತೆ ಇನ್ನೊಂದು. ಮಂಗಳೂರು-ಉಡುಪಿಯಲ್ಲಿ ಹುಟ್ಟಿದ ಬ್ಯಾಂಕುಗಳ ಪೈಕಿ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಸರಿಯೋ ತಪ್ಪೋ, ಅದು ಸರಕಾರದ ಆರ್ಥಿಕ ನಿರ್ಧಾರ. ಆದರೆ ಐವತ್ತು ದಾಟಿದ ಗುಮಾಸ್ತನಿಗೆ ಬೋರ್ಡಿನ ಹೆಸರಿನೊಡನೆ ಕಂಪ್ಯೂಟರಿನ ಪರದೆ, ಮೇಲಧಿಕಾರಿ, ಸುತ್ತೋಲೆಯ ಭಾಷೆ ಎಲ್ಲವೂ ಬದಲಾದವು. ಸಂಜೆ ನಗದು ತಾಳೆ ನೋಡುವಾಗ ಮೂರು ಸಲ ಎಣಿಸಿದರೂ ನಂಬಿಕೆ ಬಾರದ ಸ್ಥಿತಿ ಸೋಮಾರಿತನವಲ್ಲ, ಅದು ಒಂದು ಸೂಚನೆ ಎಂದು ಗುರುತಿಸುವ ಕಣ್ಣು ಮೇಲಧಿಕಾರಿಗೆ ಇರಬೇಕಾಗುತ್ತದೆ.

ಲೆಕ್ಕ ಏನು ಹೇಳುತ್ತದೆ?

ಇದು ಬರೀ ಭಾವನೆಯ ಮಾತಲ್ಲ, ಜಮಾ-ಖರ್ಚಿನ ಮಾತೂ ಹೌದು. ಖಿನ್ನತೆ ಮತ್ತು ಆತಂಕದ ಕಾಯಿಲೆಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇವುಗಳ ಚಿಕಿತ್ಸೆಗೆ ಹಾಕಿದ ಒಂದು ಡಾಲರ್ ಆರೋಗ್ಯ ಮತ್ತು ದುಡಿಮೆಯ ರೂಪದಲ್ಲಿ ನಾಲ್ಕು ಡಾಲರ್ ಆಗಿ ಮರಳುತ್ತದೆ ಎಂದು ಅದೇ ಸಂಸ್ಥೆಯ ನೇತೃತ್ವದ 2016ರ ಅಧ್ಯಯನ ತೋರಿಸಿತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಅಧಿಕ ಎಂದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜಂಟಿಯಾಗಿ ಪ್ರಕಟಿಸಿದವು.

ನಮ್ಮ ದೇಶದ ಲೆಕ್ಕವನ್ನು ಬೆಂಗಳೂರಿನ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನೀಡಿದೆ. ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಮಹಾನಗರಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸರಳವಾಗಿ ಹೇಳುವುದಾದರೆ ಹತ್ತು ಜನರಿರುವ ಹೊಟೇಲಿನಲ್ಲಿ ಒಬ್ಬನಿಗೆ ತೊಂದರೆ ಇರುವ ಸಂಭವವಿದೆ, ಅವನು ವೈದ್ಯರ ಬಳಿ ಹೋಗಿರದ ಸಂಭವ ಅದಕ್ಕಿಂತ ಹೆಚ್ಚು.

ಬಳ್ಳಾರಿ ತೋರಿಸಿದ ದಾರಿ

ಬಡ ಹಾಗೂ ಬೆಳೆಯುತ್ತಿರುವ ಪ್ರದೇಶಗಳಲ್ಲಿ ಇಷ್ಟೊಂದು ಮನೋವೈದ್ಯರನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕನ್ನಡ ನಾಡಿನಲ್ಲೇ ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. ಅಗತ್ಯ ಔಷಧಗಳು ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಸಿಗುವಂತಾಯಿತು. ದೊಡ್ಡ ಆಸ್ಪತ್ರೆಗೆ ಎಲ್ಲರನ್ನೂ ಸಾಗಿಸುವ ಬದಲು ಜನರಿಗೆ ಈಗಾಗಲೇ ಪರಿಚಯವಿರುವ ಜಾಗಕ್ಕೇ ಚಿಕಿತ್ಸೆ ಬಂತು.

ಈ ಬಳ್ಳಾರಿ ಮಾದರಿಯ ಆಧಾರದಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿ ಇಂದು ದೇಶದ 700ಕ್ಕೂ ಹೆಚ್ಚು ಜಿಲ್ಲೆಗಳಿಗೆ ಹಬ್ಬಿದೆ. ಮುಂದೆ ಇದಕ್ಕೆ ಸೇರಿಸಿದ ಕೆಲಸಗಳ ಪಟ್ಟಿಯಲ್ಲಿ ಶಾಲೆಗಳಲ್ಲಿ ಜೀವನ ಕೌಶಲ ಶಿಕ್ಷಣ, ಕಾಲೇಜುಗಳಲ್ಲಿ ಸಮಾಲೋಚನೆ, ಆತ್ಮಹತ್ಯೆ ತಡೆ ಇವುಗಳ ಜೊತೆಗೆ "ಕೆಲಸದ ಸ್ಥಳದಲ್ಲಿ ಒತ್ತಡ ನಿರ್ವಹಣೆ" ಕೂಡ ಇದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಕೇಳುವವರಿಲ್ಲದಿದ್ದರೆ ಇಂಥ ಸೌಲಭ್ಯ ಕಾಗದದಲ್ಲೇ ಉಳಿಯುತ್ತದೆ. ಒಬ್ಬ ಹೊಟೇಲು ಮಾಲಕರು ಒಬ್ಬರೇ ಹೋಗಿ ಕೇಳುವುದು ಕಷ್ಟ. ನೂರು ಸದಸ್ಯರ ಸಂಘವೊಂದು ತನ್ನ ಲೆಟರ್‌ಹೆಡ್ಡಿನಲ್ಲಿ ಜಿಲ್ಲಾ ಆರೋಗ್ಯ ಇಲಾಖೆಗೆ ಬರೆದು ಕೇಳುವುದು ಸುಲಭ.

ಸಾಮಾನ್ಯ ಕನ್ನಡಿಗನಿಗೆ ಖಿನ್ನತೆ, ಆತಂಕ, ಗೀಳು ಎಂಬ ಪದಗಳನ್ನು ಮನೆಮಾತಿನಲ್ಲಿ ತಿಳಿಸಿಕೊಟ್ಟವರಲ್ಲಿ ನಿಮ್ಹಾನ್ಸಿನ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಪ್ರಮುಖರು. ಮಾನಸಿಕ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಅವರು ಬರೆದ ಪುಸ್ತಕಗಳು ಹಲವಾರು. ಸಂಘದ ಗ್ರಂಥಾಲಯದ ಕಪಾಟಿನಲ್ಲಿ ಅವುಗಳಿಗೆ ಒಂದು ಸಾಲು ಮೀಸಲಿಟ್ಟರೆ ಅದೂ ಒಂದು ಆರಂಭವೇ.

ಕಾನೂನು ಕೊಟ್ಟದ್ದು, ಕೊಡದೇ ಇದ್ದದ್ದು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರಲ್ಲಿ ಜಾರಿಗೆ ಬಂತು. ಸರಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು, ರೋಗಿಯ ವಿವರ ಗುಟ್ಟಾಗಿರಬೇಕು, ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವೈದ್ಯಕೀಯ ವಿಮೆ ಕೊಡಬೇಕು ಎಂದು ಅದು ಹೇಳಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಮಾನಸಿಕ ಕಾಯಿಲೆಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಸರಕಾರಿ ಸಂಸ್ಥೆಯಲ್ಲಿ ಸೇವೆಯಲ್ಲಿರುವಾಗ ಹೀಗಾದವನನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಸಿಆರ್‌ಪಿಎಫ್‌ನ ಅಧಿಕಾರಿಯೊಬ್ಬರ ಪ್ರಕರಣದಲ್ಲಿ 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ರಕ್ಷಣೆಯನ್ನು ಎತ್ತಿಹಿಡಿಯಿತು.

ಆದರೆ ಖಾಸಗಿಯವರ ಸಣ್ಣ ಹೊಟೇಲು, ಅಂಗಡಿ, ವರ್ಕ್‌ಶಾಪುಗಳಿಗೆ ಬಂದಾಗ ಚಿತ್ರ ಬೇರೆ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಗೆ 2013ರ ಕಾನೂನಿನಂತೆ ಹತ್ತು ಜನರಿದ್ದರೆ ಸಮಿತಿ ಕಡ್ಡಾಯ. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿಗಳನ್ನು ವಿಧಿಸಿತು. ದುಡಿಯುವವರ ಮಾನಸಿಕ ಆರೋಗ್ಯಕ್ಕೆ ಅಂಥ ಕಡ್ಡಾಯ ನಿಯಮ ಇಲ್ಲ. ಕಾರ್ಖಾನೆಗಳು ಸರಕಾರಕ್ಕೆ ವರದಿ ಮಾಡಬೇಕಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೀಸದ ವಿಷ ಇದೆ, ಸಿಲಿಕೋಸಿಸ್ ಇದೆ, ಖಿನ್ನತೆ ಇಲ್ಲ. 2024ರಲ್ಲಿ ಪುಣೆಯ ಲೆಕ್ಕಪರಿಶೋಧನಾ ಕಚೇರಿಯೊಂದರಲ್ಲಿ ದುಡಿಯುತ್ತಿದ್ದ 26ರ ಯುವತಿಯ ಸಾವಿನ ಬಳಿಕ ಆಕೆಯ ತಾಯಿ ಬರೆದ ಪತ್ರ ದೇಶದಲ್ಲೆಲ್ಲ ಚರ್ಚೆಯಾಯಿತು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಗಮನ ಹರಿಸಿತು. ಚರ್ಚೆ ತಣ್ಣಗಾದರೂ ಪ್ರಶ್ನೆ ಹಾಗೆಯೇ ಉಳಿದಿದೆ.

ಇನ್ನೊಂದು ಬೆಳವಣಿಗೆಯನ್ನೂ ಗಮನಿಸಬೇಕು. 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಒಪ್ಪಿದ ತಿದ್ದುಪಡಿಗಳಲ್ಲಿ ಕಾರ್ಖಾನೆಯ ದಿನದ ಕೆಲಸದ ಮಿತಿಯನ್ನು 9 ಗಂಟೆಯಿಂದ 12ಕ್ಕೆ, ಅಂಗಡಿ-ಹೊಟೇಲುಗಳಲ್ಲಿ 9ರಿಂದ 10ಕ್ಕೆ ಏರಿಸುವ ಪ್ರಸ್ತಾವ ಇತ್ತು. ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಅನ್ವಯಿಸಲು 10 ಜನರ ಬದಲು 20 ಜನ ಇರಬೇಕೆಂದೂ ನಿರ್ಧರಿಸಲಾಯಿತು. ಅಂದರೆ ಹತ್ತು ಹನ್ನೆರಡು ಮಂದಿಯ ಸಾಮಾನ್ಯ ಉಡುಪಿ ಹೊಟೇಲಿನಲ್ಲಿ ಹುಡುಗರಿಗೆ ವಾರದ ರಜೆ ಸಿಗುವುದು ಬಿಡುವುದು ಇನ್ನು ಮುಂದೆ ಬಹುಪಾಲು ಧನಿಗಳ ಮನಸ್ಸಿಗೆ ಬಿಟ್ಟ ವಿಷಯ. ಕಾನೂನು ಹಿಂದೆ ಸರಿದ ಜಾಗದಲ್ಲಿ ಮನುಷ್ಯತ್ವ ಮುಂದೆ ಬರಬೇಕಾಗುತ್ತದೆ.

ಮರೆತುಹೋದ ಇಎಸ್‌ಐ

ಕೈಗೆ ಸಿಗುವ ಒಂದು ಸೌಲಭ್ಯವನ್ನು ನಮ್ಮ ಅನೇಕ ಉದ್ಯಮಿಗಳು ಬರೀ ಖರ್ಚೆಂದು ಭಾವಿಸಿದ್ದಾರೆ. ಅದು ಇಎಸ್‌ಐ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಅದಕ್ಕಿಂತ ಸಣ್ಣವರು ಸ್ವಇಚ್ಛೆಯಿಂದ ಸೇರಬಹುದು. 2019ರ ಜುಲೈಯಿಂದ ವಂತಿಗೆಯ ದರ ನೌಕರನಿಂದ ಶೇ. 0.75, ಮಾಲಕರಿಂದ ಶೇ. 3.25. ತಿಂಗಳಿಗೆ 15,000 ರೂ. ಸಂಬಳದ ಸಪ್ಲಾಯರ್‌ಗೆ ಲೆಕ್ಕ ಹಾಕಿದರೆ ಅವನ ಪಾಲು ಸುಮಾರು 113 ರೂ., ಧನಿಗಳ ಪಾಲು ಸುಮಾರು 488 ರೂ.

ಇದಕ್ಕೆ ಪ್ರತಿಯಾಗಿ ಸಿಗುವುದೇನು? ಕಾಯಿಲೆ ಬಿದ್ದರೆ ಚಿಕಿತ್ಸೆಯ ಜೊತೆಗೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಭತ್ಯೆ. ಕ್ಷಯ, ಕ್ಯಾನ್ಸರಿನಂಥ ದೀರ್ಘ ಕಾಯಿಲೆಗಳಿಗೆ ಶೇ. 80ರಷ್ಟು, ಅದೂ ಎರಡು ವರ್ಷದವರೆಗೆ. ಆ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾ ಮತ್ತು ತೀವ್ರ ಖಿನ್ನತೆಯ ಕೆಲವು ಬಗೆಗಳೂ ಇವೆ. ಎರಡು ವರ್ಷ ಸತತ ಉದ್ಯೋಗ ಹಾಗೂ ನಿಗದಿತ ದಿನಗಳ ವಂತಿಗೆ ಇದಕ್ಕಿರುವ ಷರತ್ತು. ಮೇಲೆ ಹೇಳಿದ ಸಪ್ಲಾಯರ್ ಅಂಥ ಕಾಯಿಲೆಗೆ ತುತ್ತಾದರೆ ತಿಂಗಳಿಗೆ ಸುಮಾರು 12,000 ರೂ. ಅವನ ಕೈ ಸೇರುತ್ತದೆ, ಊರಿನಲ್ಲಿರುವ ತಾಯಿಗೆ ಹಣ ಕಳಿಸುವುದು ನಿಲ್ಲುವುದಿಲ್ಲ. ತಿಂಗಳಿಗೆ 488 ರೂಪಾಯಿ ಉಳಿಸಲು ಹೋಗಿ ಕಷ್ಟಕಾಲದಲ್ಲಿ ಹುಡುಗನ ಕೈಗೆ ಬಸ್ ಚಾರ್ಜು ಕೊಟ್ಟು ಊರಿಗೆ ಕಳಿಸುವ ಪದ್ಧತಿ ಯಾರಿಗೂ ಶೋಭೆಯಲ್ಲ.

ಒಂದು ಹಾಳೆಯಲ್ಲಿ ಹಿಡಿಸುವ ನಿಯಮ

ದೊಡ್ಡ ಕಂಪೆನಿಗಳಲ್ಲಿ ಸಿಬ್ಬಂದಿ ವಿಭಾಗ, ಸಮಾಲೋಚಕರು, ದಪ್ಪ ಪುಸ್ತಕದಂಥ ನೀತಿ ಇರುತ್ತವೆ. ಹತ್ತು ಜನರ ಹೊಟೇಲಿಗೆ, ಠಾಣೆ-ಬೇಲಾಪುರ ರಸ್ತೆಯ ಸಣ್ಣ ವರ್ಕ್‌ಶಾಪಿಗೆ ಅದು ಬೇಕಿಲ್ಲ. 2022ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ಕೂಡ ಕೆಲಸದ ಸಮಯ, ಕೆಲಸದ ಹೊರೆ ಸರಿಪಡಿಸುವುದಕ್ಕೆ ಮತ್ತು ಮೇಲ್ವಿಚಾರಕರಿಗೆ ತರಬೇತಿ ನೀಡುವುದಕ್ಕೆ ಒತ್ತು ಕೊಟ್ಟಿದೆ. ವರ್ಷದಲ್ಲಿ ಒಂದು ದಿನ ಯೋಗ ಶಿಬಿರ, ಉಳಿದ 364 ದಿನ ಬೈಗುಳ ಎಂದಾದರೆ ಪ್ರಯೋಜನವಿಲ್ಲ. ಗಲ್ಲಾದ ಹಿಂದಿನ ಗೋಡೆಯಲ್ಲಿ ಅಂಟಿಸಬಹುದಾದ ಒಂದೇ ಹಾಳೆಯಲ್ಲಿ ಈ ಏಳು ಮಾತುಗಳು ಸಾಕು:

1. ವಾರಕ್ಕೊಂದು ಪೂರ್ಣ ರಜೆ. ಅದನ್ನು ಯಾರೂ ಕೇಳಿ ಪಡೆಯಬೇಕಾಗಿಲ್ಲ, ಸರದಿಯಂತೆ ತಾನೇ ಬರಬೇಕು.

2. ಮಲಗಲು ಗಾಳಿ-ಬೆಳಕಿರುವ ಜಾಗ, ರಾತ್ರಿ ಕಡಿಮೆಯೆಂದರೆ ಏಳು ಗಂಟೆ ನಿದ್ದೆಗೆ ಬಿಡುವು.

3. ವರ್ಷಕ್ಕೊಮ್ಮೆ ಊರಿಗೆ ಹೋಗಲು ಸಂಬಳ ಸಹಿತ ರಜೆ, ಮರಳಿ ಬಂದಾಗ ಅದೇ ಕೆಲಸ. ರಿಸರ್ವ್ ಬ್ಯಾಂಕ್ 2021ರಲ್ಲಿ ಬ್ಯಾಂಕುಗಳ ಸೂಕ್ಷ್ಮ ಹುದ್ದೆಯವರಿಗೆ ವರ್ಷಕ್ಕೆ ಒಟ್ಟಿಗೆ ಹತ್ತು ಕೆಲಸದ ದಿನ ಕಡ್ಡಾಯ ರಜೆ ಎಂದದ್ದು ವಂಚನೆ ಪತ್ತೆಗಾಗಿ. ಒಬ್ಬ ಹತ್ತು ದಿನ ಇಲ್ಲದಿದ್ದರೂ ಕೆಲಸ ನಡೆಯುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

4. ಎಲ್ಲರ ಎದುರು ಬೈಯುವುದು, ಕೈ ಮಾಡುವುದು ನಿಷಿದ್ಧ. ತಪ್ಪಿದ್ದರೆ ಒಳಗೆ ಕರೆದು ಹೇಳುವುದು. ಇದು ಮ್ಯಾನೇಜರರಿಗೂ ಅನ್ವಯ.

5. ಮನಸ್ಸಿನ ಕಷ್ಟ ಹೇಳಿಕೊಳ್ಳಲು ನಂಬಿಕೆಯ ಒಬ್ಬ ವ್ಯಕ್ತಿ. ಕೇಳಿದ ಮಾತು ಅಲ್ಲೇ ಉಳಿಯಬೇಕು, ಅಡುಗೆಮನೆಯ ಹರಟೆಯಾಗಬಾರದು.

6. ಚಿಕಿತ್ಸೆಗೆ ಹೋದ ಕಾರಣಕ್ಕೆ ಯಾರ ಕೆಲಸವೂ ಹೋಗುವುದಿಲ್ಲ. ಮರಳಿದ ಮೊದಲ ಕೆಲವು ವಾರ ವೈದ್ಯರು ಹೇಳಿದಂತೆ ಹಗುರ ಕೆಲಸ.

7. ಸಹಾಯವಾಣಿಯ ಸಂಖ್ಯೆ 14416, ಕನ್ನಡ, ಹಿಂದಿ, ಮರಾಠಿಯಲ್ಲಿ ದೊಡ್ಡದಾಗಿ.

ಇವುಗಳಲ್ಲಿ ಆರನೆಯದೇ ಎಲ್ಲಕ್ಕಿಂತ ಮುಖ್ಯ. ಅದು ಬರಹದಲ್ಲಿ ಇಲ್ಲದಿದ್ದರೆ ಉಳಿದ ಆರನ್ನೂ ಯಾರೂ ನಂಬುವುದಿಲ್ಲ.

ಧನಿ-ನೌಕರ ಒಂದೇ ಚಾಪೆಯಲ್ಲಿ

ಹಾಗಾದರೆ ಇದನ್ನು ಶುರು ಮಾಡುವವರು ಯಾರು? ಕಾರ್ಮಿಕ ಸಂಘಟನೆ ಹೇಳಿದರೆ ಮಾಲಕರಿಗೆ ಅನುಮಾನ, ಮಾಲಕರು ಹೇಳಿದರೆ ನೌಕರರಿಗೆ ಅನುಮಾನ. ಇಬ್ಬರೂ ಒಂದೇ ಚಾಪೆಯಲ್ಲಿ ಕುಳಿತು ಭಜನೆ ಮಾಡುವ, ಒಂದೇ ಪಂಕ್ತಿಯಲ್ಲಿ ಊಟ ಮಾಡುವ ಜಾಗವೆಂದರೆ ನಮ್ಮ ಕನ್ನಡ ಸಂಘಗಳು, ಜಾತೀಯ ಸಂಘಗಳು, ಪೂಜಾ ಸಮಿತಿಗಳು. ಇಂಥ ಜಾಗ ಬೇರೆ ಯಾವ ನೀತಿ-ನಿಯಮಕ್ಕೂ ಸಿಗದು.

ಸಂಘಗಳು ಮಾಡಬಹುದಾದ ಕೆಲಸಗಳು ದುಬಾರಿಯೂ ಅಲ್ಲ. ಮುಂದಿನ ಆರೋಗ್ಯ ಶಿಬಿರದಲ್ಲಿ ಮನೋವೈದ್ಯರದೊಂದು ಮೇಜು ಇಡಬೇಕು, ಅದನ್ನು ಮೂಲೆಯಲ್ಲಿ ಅಡಗಿಸದೆ ಸಕ್ಕರೆ ಪರೀಕ್ಷೆಯ ಪಕ್ಕದಲ್ಲೇ ಹಾಕಬೇಕು. ಸದಸ್ಯರಿಗೆ ಗುಂಪು ವಿಮೆ ಮಾಡಿಸಿದ್ದರೆ ಪಾಲಿಸಿ ತೆಗೆದು ಓದಿ, ಮಾನಸಿಕ ಕಾಯಿಲೆಯ ಆಸ್ಪತ್ರೆ ಖರ್ಚು ಸೇರಿದೆಯೇ ಎಂದು ಕಂಪೆನಿಗೆ ಲಿಖಿತವಾಗಿ ಕೇಳಬೇಕು. ಮಹಿಳಾ ವಿಭಾಗದವರು ಕಚೇರಿ, ಮನೆ ಎರಡೂ ಕಡೆ ದುಡಿಯುವ ಸದಸ್ಯೆಯರಿಗಾಗಿ ಒಂದು ಮಾತುಕತೆ ಏರ್ಪಡಿಸಬಹುದು. ಯುವ ವಿಭಾಗದವರು ಮೇಲಿನ ಒಂದು ಹಾಳೆಯನ್ನು ಅಚ್ಚು ಹಾಕಿಸಿ ನಮ್ಮವರ ಹೊಟೇಲುಗಳಿಗೆ ತಲುಪಿಸಬಹುದು. ವಾರ್ಷಿಕೋತ್ಸವದಲ್ಲಿ ದಾನಿಗಳಿಗೆ ಶಾಲು ಹೊದಿಸುವಾಗ, ತನ್ನ ನೌಕರರಿಗೆಲ್ಲ ಇಎಸ್‌ಐ ಮಾಡಿಸಿದ, ವಾರದ ರಜೆ ಕೊಟ್ಟ ಉದ್ಯಮಿಯೊಬ್ಬರಿಗೂ ಒಂದು ಶಾಲು ಸಲ್ಲಲಿ.

ಊರಿನ ದೈವ-ದೇವರಿಗೆ ಹರಕೆ ಹೊರುವುದು, ಯಕ್ಷಗಾನ ನೋಡಿ ಮನಸ್ಸು ಹಗುರ ಮಾಡಿಕೊಳ್ಳುವುದು ನಮ್ಮವರ ಪದ್ಧತಿ. ಅದು ಇರಲಿ. ಹರಕೆಯೂ ಇರಲಿ, ಔಷಧವೂ ಇರಲಿ. ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ಬಾಗಿಲು ತೆರೆದೇ ಇದೆ

ಸಹಾಯ ದೂರವಿಲ್ಲ. ಕಳವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ ರಾಜೀವ್ ಗಾಂಧಿ ವೈದ್ಯಕೀಯ ಕಾಲೇಜಿಗೆ ಸೇರಿದ್ದು, ಅಲ್ಲಿ ಮನೋರೋಗ ವಿಭಾಗವಿದೆ. ಖಾಡಿಯ ಆಚೆ ದಡದಲ್ಲಿ ಥಾಣೆಯ ಮನೋರೋಗ ಆಸ್ಪತ್ರೆ ಇದೆ. ಅಲ್ಲಿಗೆ ಹೋದವರೆಲ್ಲ ಅಲ್ಲೇ ಉಳಿಯಬೇಕೆಂದಿಲ್ಲ, ಹೊರರೋಗಿಯಾಗಿ ತೋರಿಸಿ ಔಷಧ ತೆಗೆದುಕೊಂಡು ಬರಬಹುದು.

ಆಸ್ಪತ್ರೆಗೆ ಹೋಗಲು ಇನ್ನೂ ಮನಸ್ಸಾಗದವರಿಗೆ ಫೋನು ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಇದರ ಮೇಲ್ವಿಚಾರಣೆಯ ಕೇಂದ್ರ ಸಂಸ್ಥೆ ನಮ್ಮ ನಿಮ್ಹಾನ್ಸ್. ಕರೆ ಮಾಡುವವರು ತಮ್ಮ ಭಾಷೆಯನ್ನು ಆರಿಸಿಕೊಳ್ಳಬಹುದು, 20 ಭಾಷೆಗಳ ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಪರಊರಿನಲ್ಲಿ ಹಿಂದಿಯಲ್ಲಿ ಆರ್ಡರ್ ತೆಗೆದುಕೊಂಡು, ಮರಾಠಿಯಲ್ಲಿ ವ್ಯವಹಾರ ಮಾಡಿ, ಇಂಗ್ಲಿಷಿನಲ್ಲಿ ಅರ್ಜಿ ತುಂಬುವ ಕನ್ನಡಿಗನಿಗೆ ತನ್ನ ಸಂಕಟವನ್ನಾದರೂ ಕನ್ನಡದಲ್ಲಿ ಹೇಳಿಕೊಳ್ಳುವ ಅವಕಾಶ ಇಲ್ಲಿದೆ.

ಸರಕಾರ ಮುಂದೊಂದು ದಿನ ಸಣ್ಣ ಉದ್ಯಮಗಳಿಗೂ ಕಡ್ಡಾಯ ನಿಯಮ ತರಬಹುದು. ಅಲ್ಲಿಯವರೆಗೆ ಕಾಯುವ ಅಗತ್ಯ ನಮ್ಮ ಸಂಘಗಳಿಗಿಲ್ಲ. ಬರುವ ಕಾರ್ಯಕಾರಿ ಸಮಿತಿಯ ಸಭೆಯ ವಿಷಯ ಪಟ್ಟಿಯಲ್ಲಿ ಇದೂ ಒಂದು ಸಾಲಾಗಿ ಸೇರಲಿ ಎಂಬುದೇ ಸಮಾಜ ಬಾಂಧವರ ಮುಂದಿಡುವ ವಿನಂತಿ.